ಹಿಂದೆ ಯಾರಿದ್ದರು?

ಹೆಲ್ಮೆಟ್ಟಿನ ಹಿಂಬದಿಗೊಂದು ಕ್ಯಾಮೆರಾ, ಬಲಗಣ್ಣಿನ ಅಂಚಿಗೆ ಉಗುರಿನಷ್ಟು ಪರದೆ. ಸವಾರ ಕತ್ತು ತಿರುಗಿಸದೆಯೇ ಹಿಂದಿನ ಲಾರಿಯನ್ನು ನೋಡಬಹುದು. ಇದನ್ನು ಮಾಡಿದವನು ನಾನು, ಪೇಟೆಂಟ್ ಮಾತ್ರ ಒಂದು ದೊಡ್ಡ ಕಂಪನಿಯದು. ತಯಾರಿಕೆ ನಿಲ್ಲಿಸು ಎಂದು ಅವರು ನೋಟಿಸು ಕಳಿಸಿದರು. ನಿಲ್ಲಿಸಿದರೆ ವರ್ಕ್‌ಶಾಪಿಗೆ ಬೀಗ. ನಾವು ಬೇರೇನನ್ನೂ ಮಾಡುತ್ತಿರಲಿಲ್ಲ.

ನನ್ನ ವಕೀಲರು ಕನ್ನಡಕ ಒರೆಸಿಕೊಂಡರು. "ಅವರು ಅರ್ಜಿ ಹಾಕೋಕೆ ಮುಂಚೆನೇ ಇದು ಜನಕ್ಕೆ ಗೊತ್ತಿತ್ತು ಅಂತ ತೋರಿಸಿದ್ರೆ ಅವರ ಪೇಟೆಂಟ್ ಬಿದ್ದುಹೋಗುತ್ತೆ. ಹಿಂದೆ ಯಾರಾದ್ರೂ ಇದನ್ನ ನೋಡಿದ್ರಾ?"

"ಹಿಂದೆ ನಮ್ಮಕ್ಕ ಕೂತಿದ್ಳು," ಎಂದೆ.

"ನಾನು ಕೇಳಿದ್ದು ಹಿಂದಿನ ಕಾಲ ಸ್ವಾಮಿ, ಹಿಂದಿನ ಸೀಟಲ್ಲ!" ಎಂದವರು ತಟ್ಟನೆ ನನ್ನತ್ತ ಬಾಗಿದರು. "ಇರಿ. ಕೂತು ಏನ್ ಮಾಡಿದ್ರು?"

ಏನು ಮಾಡಲಿಲ್ಲ ಎಂದು ಕೇಳಬೇಕಿತ್ತು. ಅಕ್ಕನ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಮೊದಲ ಹೆಲ್ಮೆಟ್ ತೊಟ್ಟು ನಾನು ಬೈಕು ಓಡಿಸಿದ ದಿನ, ದಾರಿಯುದ್ದಕ್ಕೂ ಕ್ಯಾಮೆರಾಕ್ಕೆ ನಾಲಿಗೆ ಚಾಚಿದಳು. ನನ್ನ ಹೆಗಲ ಮೇಲಿಂದ ಫೋನು ಹಿಡಿದು, ಪರದೆಯಲ್ಲಿ ಕಾಣುವ ತನ್ನ ನಾಲಿಗೆಯದೇ ವಿಡಿಯೊ ಮಾಡಿದಳು. ಸಂಜೆಯೊಳಗೆ, 'ನನ್ನ ತಮ್ಮನ ಹೊಸ ಹೆಲ್ಮೆಟ್, ಹೀಗೆ ಕೆಲಸ ಮಾಡುತ್ತೆ' ಎಂದು ವಿವರಿಸಿ ಇಂಟರ್‌ನೆಟ್ಟಿಗೆ ಹಾಕಿಯೂ ಆಗಿತ್ತು. ಗುಟ್ಟು ರಟ್ಟು ಮಾಡಿದಳೆಂದು ನಾನು ಬಾಯಿಗೆ ಬಂದಂತೆ ಬೈದೆ. ನಾಲ್ಕು ವರ್ಷದಿಂದ ಮಾತಿಲ್ಲ. ಈಗ ಅದೇ ವಿಡಿಯೊ ಕೇಳಲು ನನಗೆ ಮುಖವೆಲ್ಲಿತ್ತು? ವಕೀಲರೇ ಅವಳಿಗೆ ಫೋನು ಮಾಡಿದರು.

ವಿಡಿಯೊ ಇದ್ದಲ್ಲೇ ಇತ್ತು. ಅದರ ತಾರೀಖು ಕಂಪನಿಯ ಅರ್ಜಿಗಿಂತ ಹನ್ನೊಂದು ದಿನ ಹಿಂದಿನದು. ಪೇಟೆಂಟ್ ಕಚೇರಿಯ ವಿಚಾರಣೆಯಲ್ಲಿ ಅಧಿಕಾರಿ ಅಕ್ಕನ ನಾಲಿಗೆಯನ್ನು ಮೂರು ಸಲ ನೋಡಿದರು, ಮೂರನೆಯ ಸಲ ಕೆಮ್ಮಿ ನಗು ಮುಚ್ಚಿಕೊಂಡರು. ತಿಂಗಳ ಮೇಲೆ ಆದೇಶ ಬಂತು. ಪೇಟೆಂಟ್ ರದ್ದು.

ಹೋದ ಜೀವ ಬಂದಂತಾಯಿತು. ವರ್ಕ್‌ಶಾಪಿನ ಮೆಟ್ಟಿಲ ಮೇಲೆ ಕುಸಿದು ಕೂತು, ಮೂಗೊರೆಸಿಕೊಂಡು, ಫೋನು ಒತ್ತಿದೆ.

"ಅಕ್ಕಾ, ಗೆದ್ವಿ ಕಣೇ."

"ಗೊತ್ತು. ವಕೀಲರು ಆಗ್ಲೇ ಹೇಳಿದ್ರು. ಎಲ್ರಿಗೂ ಹೇಳಾಯ್ತು."

"ಮತ್ತೆ ನಂಗೊಬ್ಬನಿಗೆ ಯಾಕೆ ಫೋನ್ ಮಾಡ್ಲಿಲ್ಲ?"

"ನೀನಾಗೇ ಮಾಡ್ತೀಯೇನೋ ಅಂತ ಬಾಯಿ ಮುಚ್ಕೊಂಡು ಕಾಯ್ತಿದ್ದೆ ಕಣೋ, ಕತ್ತೆ."

ಅಕ್ಕನ ಬಾಯಲ್ಲಿ ಎಳ್ಳು ನೆನೆದದ್ದು ಅದೊಂದೇ ಸಲ.