ಮೊಣಕಾಲ ಕೆಳಗಿನ ದಿಂಬು

ನಮ್ಮ ಕಡೆ ಯಾರದಾದರೂ ಕಾಲು ಮುರಿದರೆ ಓಣಿಯೆಲ್ಲ ಮನೆಗೆ ಬರುತ್ತದೆ. ಒಬ್ಬರು ಹಾಲು ತರುತ್ತಾರೆ, ಒಬ್ಬರು ಮಠದ ವಿಭೂತಿ ತರುತ್ತಾರೆ. ಪ್ಲಾಸ್ಟರ್ ಬಿಚ್ಚಿದ ದಿನ, "ಎಲುಬು ಕೂಡ್ತಲ್ಲ, ಇನ್ನೇನೈತಿ" ಎಂದು ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋಗುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಆ ದಿನವೇ ಎಂದು ಹೇಳುವವರು ಕಡಿಮೆ. ಹೀಗಾಗಿ ಹೊಲಕ್ಕೆ ಹೋಗುತ್ತಿದ್ದವರು ಕಟ್ಟೆಯ ಮೇಲೆ ಕೂತುಬಿಡುತ್ತಾರೆ. ಮೂವತ್ತು ವರ್ಷದವರ ಕೈಗೆ ಕೋಲು ಬರುತ್ತದೆ.

ಬಳ್ಳಾರಿಯ ಸತ್ಯನಾರಾಯಣಪೇಟೆಯಲ್ಲಿ, ವೀರಭದ್ರಮ್ಮನ ಮನೆಯಲ್ಲೂ ಹಾಗೇ ಆಗುವುದಿತ್ತು.

ಅವಳ ಗಂಡ ಗಾದಿಲಿಂಗಪ್ಪ ಕಾರ್ ರೇಸಿನ ಡ್ರೈವರ್. ಮೊದಲು ಲಾರಿ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದ. ೧೯೬೮ರಲ್ಲಿ ಹತ್ತಿ ಮಿಲ್ಲಿನ ಸಾಹುಕಾರರೊಬ್ಬರು ತಮ್ಮ ಕಾರನ್ನು ಮದ್ರಾಸಿನ ಕಡೆ ರೇಸಿಗೆ ಒಯ್ದಾಗ, ಸ್ಪ್ಯಾನರ್ ಹಿಡಿಯಲು ಇವನನ್ನೂ ಕರೆದುಕೊಂಡು ಹೋದರು. ಓಡಿಸಬೇಕಾದವನಿಗೆ ಅಲ್ಲಿ ಚಳಿಜ್ವರ ಬಂತು. ಇವನು ಕೂತ. ಮೂರನೆಯವನಾಗಿ ಬಂದ. ಆಮೇಲೆ ಎಂಟು ವರ್ಷ ಅದೇ ಅವನ ಬದುಕಾಯಿತು. ನಸುಕಿನಲ್ಲಿ ಸಿರುಗುಪ್ಪ ರಸ್ತೆಗೆ ಹೋಗಿ ಕಾರು ಓಡಿಸಿ ನೋಡುವನು. ದಾರಿಯ ಗಾಡಿಯವರು ಎತ್ತು ಬೆದರಿದವೆಂದು ಬಯ್ಯುವರು. ಅವನು ಕಪ್ಪು ಗೆದ್ದು ಬಂದಾಗ ಅವರೇ ಹೂವಿನ ಹಾರ ಹಾಕುವರು.

ವೀರಭದ್ರಮ್ಮನಿಗೆ ಮಾತ್ರ ರೇಸಿನ ದಿನ ಒಲೆ ಹಚ್ಚಲು ಕೈ ಬರುತ್ತಿರಲಿಲ್ಲ. ಹೆಣ್ಣುಮಕ್ಕಳಿಬ್ಬರಿಗೆ ಅವಲಕ್ಕಿ ಕಲಸಿ ಕೊಟ್ಟು, ತಂತಿ ಬರುವವರೆಗೆ ಹೊಸ್ತಿಲ ಬಳಿ ಕೂಡುತ್ತಿದ್ದಳು. ಎಂಟು ವರ್ಷ ಕೂತಳು. ೧೯೭೬ರ ಫೆಬ್ರವರಿಯಲ್ಲಿ, ಅವಳು ಹೆದರುತ್ತಿದ್ದ ತಂತಿ ಬಂತು.

ತಿರುವಿನಲ್ಲಿ ಟೈರು ಒಡೆದು ಕಾರು ಮೂರು ಪಲ್ಟಿ ಹೊಡೆದಿತ್ತು. ಬೆಲ್ಟು ಬಿಗಿದುಕೊಂಡು ಹೆಲ್ಮೆಟ್ ಹಾಕಿದ್ದರಿಂದ ಗಾದಿಲಿಂಗಪ್ಪನ ಜೀವ ಉಳಿಯಿತು. ಆದರೆ ಎಡಗಾಲಿನ ತೊಡೆಯ ಎಲುಬು, ಮೊಣಕಾಲಿಗೆ ಸಮೀಪ, ಮುರಿದಿತ್ತು. ಎಡಗಾಲೆಂದರೆ ಕ್ಲಚ್ಚು ಒತ್ತುವ ಕಾಲು. ಅದು ಮಾತು ಕೇಳದಿದ್ದರೆ ಗೇರು ಬದಲಿಸಲಾಗದು. ರೇಸಿನ ಕಾರು ಹೋಗಲಿ, ಲಾರಿಯನ್ನೂ ಓಡಿಸಲಾಗದು.

ಜೂನ್ ತಿಂಗಳಲ್ಲಿ ಬಳ್ಳಾರಿಯ ಆಸ್ಪತ್ರೆಯಲ್ಲಿ ಪ್ಲಾಸ್ಟರ್ ಬಿಚ್ಚಿದರು. ಕಾಲು ಸೊರಗಿತ್ತು. ಮೊಣಕಾಲು ಮಡಚುತ್ತಿರಲಿಲ್ಲ. ವೀರಭದ್ರಮ್ಮ ಗಂಡನನ್ನು ಮನೆಗೆ ತಂದು, ಹೊರಸಿನ ಮೇಲೆ ಮಲಗಿಸಿ, ಮೊಣಕಾಲ ಕೆಳಗೆ ಬೂರುಗದ ಹತ್ತಿಯ ದಿಂಬು ಇಟ್ಟಳು. ಎರಡು ತಿಂಗಳು ಅವನು ಆ ದಿಂಬಿನ ಮೇಲಿಂದ ಕಾಲು ತೆಗೆಯಲಿಲ್ಲ. ನೀರು, ಊಟ, ವೀಳ್ಯದೆಲೆ, ಎಲ್ಲವೂ ಕೈಗೇ ಬರುತ್ತಿದ್ದವು.

"ಹೆಂಡ್ತಿ ಅಂದ್ರ ಹಿಂಗಿರಬೇಕು ನೋಡ್ರಿ," ಎಂದು ಪಕ್ಕದ ಮನೆಯ ಉಚ್ಚೆಂಗೆಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. "ಗಂಡನ ಕಾಲು ನೆಲಕ್ಕ ತಾಗಿಸಿಲ್ಲ!"

ಆಗಸ್ಟ್ ಕೊನೆಯಲ್ಲಿ ಆ ಓಣಿಗೆ ಗಿಡ್ಡಮ್ಮ ಎಂಬ ನರ್ಸು ಬಾಡಿಗೆಗೆ ಬಂದಳು. ಹೆಸರು ಗಿಡ್ಡಮ್ಮ, ಆಳು ಬಾಗಿಲ ಪಟ್ಟಿಗೆ ತಲೆ ತಾಗುವಷ್ಟು ಎತ್ತರ. ಒಂದು ದಿನ ಮೊಸರಿಗೆ ಹೆಪ್ಪು ಕೇಳಲು ಬಂದವಳು, ಹೊರಸಿನ ಮೇಲಿದ್ದ ಗಾದಿಲಿಂಗಪ್ಪನನ್ನು ನೋಡಿ ನಿಂತಳು.

"ಯಣ್ಣಾ, ಪಟ್ಟಿ ಬಿಚ್ಚಿ ಎಷ್ಟು ದಿನಾತು?"

"ಎರಡು ತಿಂಗಳಾತವ್ವ."

"ಕಾಲು ಎಷ್ಟು ಮಡಚತೀರಿ?"

"ಮಡಚೋದಾ? ಮೂರು ತಿಂಗಳು ಅಲ್ಲಾಡಿಸಬ್ಯಾಡ ಅಂದಾರ ಡಾಕ್ಟ್ರು. ನಾನೀಗ ಕುರುಗೋಡಿನ ಕಲ್ಲಿನ ಬಸವಣ್ಣ ಆಗೀನಿ. ದಿನಾ ನೈವೇದ್ಯ ಬರತೈತಿ, ಏಳಂಗಿಲ್ಲ."

ಅಲ್ಲೇ ಕೂತಿದ್ದ ಉಚ್ಚೆಂಗೆಮ್ಮ ಸೇರಿ ಎಲ್ಲರೂ ನಕ್ಕರು. ಗಿಡ್ಡಮ್ಮ ನಗಲಿಲ್ಲ. "ಯಾವ ಡಾಕ್ಟ್ರು ಅಂದಾರ?" ಎಂದಳು. ವೀರಭದ್ರಮ್ಮ ಹೆಪ್ಪು ತರುವ ನೆಪದಲ್ಲಿ ಅಡುಗೆ ಮನೆಗೆ ಹೋದಳು.

"ಈ ದಿಂಬು ಮೊದಲು ತೆಗೀರಿ," ಎಂದಳು ಗಿಡ್ಡಮ್ಮ.

"ಏ, ದಿಂಬು ಏನು ಮಾಡೈತಿ ನಿನಗ?" ಉಚ್ಚೆಂಗೆಮ್ಮನಿಗೆ ಸಿಟ್ಟು ಬಂತು. "ಮೆತ್ತಗ ಇರಲಿ ಅಂತ ಇಟ್ಟಾಳ, ಪಾಪ."

"ಮೆತ್ತಗ ಇರತೈತಿ ಅಕ್ಕಾ, ಅದಕ್ಕ ಮೋಸ. ಮೊಣಕಾಲು ಅರ್ಧ ಬಗ್ಗಿದ್ದು ಹಂಗೇ ಹಿಡಕೊಂಡು ಬಿಡತೈತಿ. ಆಮ್ಯಾಲೆ ಪೂರ್ತಿ ಚಾಚಾಕೂ ಬರಂಗಿಲ್ಲ, ಪೂರ್ತಿ ಮಡಚಾಕೂ ಬರಂಗಿಲ್ಲ. ಯಣ್ಣಾ, ನೀವು ಮೆಕ್ಯಾನಿಕ್ ಅದೀರಿ. ಆರು ತಿಂಗಳು ಶೆಡ್ಡಿನಾಗ ನಿಂತ ಗಾಡಿ ತಾನಾಗೇ ಚಾಲೂ ಆಗತೈತೇನು?"

"ಎಣ್ಣಿ ಹಾಕಿ ಗಟ್ಟಿ ತಿಕ್ಕಿದ್ರ ಎಲ್ಲಾ ಸಡಲ ಆಗತೈತಿ," ಎಂದಳು ಉಚ್ಚೆಂಗೆಮ್ಮ. "ನಮ್ಮ ರಾರಾವಿ ಕಡಿ ಒಬ್ಬಾಂವ ಅದಾನ, ಎಂಥಾ ಕಾಲು ಇದ್ರೂ ಒಂದೇ ಸಲಕ್ಕ ಎಳೆದು ಮಡಚತಾನ."

"ಎಳೆದು ಮಡಚಿದ್ರ ಒಳಗ ಹರೀತೈತಿ, ಬಾವು ಬರತೈತಿ. ಒಮ್ಮೊಮ್ಮೆ ಕೂಡಿದ ಎಲುಬು ಮತ್ತ ಮುರೀತೈತಿ. ಕಾಲು ಯಾರದೋ ಅವರೇ ಮಡಚಬೇಕಕ್ಕಾ. ದಿನಾ ಅಷ್ಟಷ್ಟು."

ಗಿಡ್ಡಮ್ಮ ಅಡುಗೆ ಮನೆಗೆ ಬಂದಳು. ವೀರಭದ್ರಮ್ಮ ಹೆಪ್ಪಿನ ಬಟ್ಟಲು ಹಿಡಿದು ಗೋಡೆಗೆ ಮುಖ ಮಾಡಿ ನಿಂತಿದ್ದಳು.

"ತಂಗೀ, ನಾನು ಇಲ್ಲಿ ಆಸ್ಪತ್ರ್ಯಾಗ ಎಲುಬಿನ ಡಾಕ್ಟ್ರ ಕೈಕೆಳಗೇ ಕೆಲಸ ಮಾಡಾಕಿ. ಪಟ್ಟಿ ಬಿಚ್ಚಿದ ದಿನ ವ್ಯಾಯಾಮ ಹೇಳದೆ ಅವರು ಯಾರನ್ನೂ ಕಳಿಸಂಗಿಲ್ಲ. ನಿನಗೇನು ಹೇಳಿದ್ರು?"

ಗಂಡನನ್ನು ಜಟಕಾ ಹತ್ತಿಸುತ್ತಿದ್ದಾಗ ಡಾಕ್ಟರು ವೀರಭದ್ರಮ್ಮನನ್ನು ಬದಿಗೆ ಕರೆದು ಹೇಳಿದ್ದರು. ಇಂದಿನಿಂದಲೇ ಮಡಚಿಸಬೇಕು, ಹದಿನೈದು ದಿನಕ್ಕೊಮ್ಮೆ ಕರೆತರಬೇಕು ಎಂದಿದ್ದರು. ಅವಳು ತಲೆ ಆಡಿಸಿದ್ದಳು. ಜಟಕಾದಲ್ಲಿ ಗಂಡ, "ಏನಂದ್ರು?" ಎಂದು ಕೇಳಿದಾಗ ಬಾಯಿಂದ ಬೇರೆಯೇ ಮಾತು ಬಂದಿತ್ತು.

"ಜೀವ ಉಳಿಸಪ್ಪಾ ಅಂತ ಕುರುಗೋಡಿಗೆ ಹೋಗಿ ಬಸವಣ್ಣಗ ಬೇಡಿಕೊಂಡಿದ್ದೆ ಅಕ್ಕಾ," ಎಂದಳು ಸಣ್ಣಗೆ. "ಅದರ ಜೊತಿಗೆ ಇನ್ನೊಂದು ಬೇಡಿಕೊಂಡೆ. ಇವರು ಮತ್ತ ಆ ಕಾರು ಹತ್ತದಂಗ ಮಾಡು ಅಂತ. ಎರಡನ್ನೂ ಅವನೇ ನಡೆಸಿಕೊಟ್ಟ ಅಂದುಕೊಂಡೆ."

"ಎರಡನೇದು ಬಸವಣ್ಣ ಮಾಡಿದ್ದಲ್ಲ ತಂಗೀ. ಅದು ನೀ ಮಾಡಿದ್ದು."

ವೀರಭದ್ರಮ್ಮ ಹೆಪ್ಪಿನ ಬಟ್ಟಲನ್ನು ಒಲೆಕಟ್ಟೆಯ ಮೇಲೆ ಇಟ್ಟಳು. ಗಿಡ್ಡಮ್ಮ ದನಿ ತಗ್ಗಿಸಿದಳು.

"ಕಾರು ಹತ್ತೋದು ಬಿಡೋದು ಆಮ್ಯಾಲಿನ ಮಾತು. ಈ ಕಾಲಿಂದ ಅವರು ಬಸ್ಸು ಹತ್ತಂಗಿಲ್ಲ, ನೆಲದ ಮ್ಯಾಲೆ ಕೂತು ಉಣ್ಣಂಗಿಲ್ಲ, ಪಾಯಖಾನಿಗೆ ಒಬ್ಬರೇ ಹೋಗಂಗಿಲ್ಲ. ಮೂವತ್ತಾರು ವರ್ಷದ ಗಂಡಸು. ಇನ್ನೂ ಟೈಮು ಐತಿ. ಆದ್ರ ಬಾಳ ಇಲ್ಲ."

ಗಿಡ್ಡಮ್ಮ ಹೆಪ್ಪು ತೆಗೆದುಕೊಂಡು ಹೋದಳು. ವೀರಭದ್ರಮ್ಮ ನಿಂತಲ್ಲೇ ನಿಂತಳು. ಹೊರಗಿನಿಂದ ಗಂಡನ ಕೆಮ್ಮು ಕೇಳಿಸಿತು. ಈ ಎರಡು ತಿಂಗಳು ಅವಳಿಗೆ ಎಂಥ ನೆಮ್ಮದಿ ಇತ್ತೆಂದು ಅವಳಿಗಷ್ಟೇ ಗೊತ್ತು. ಗಂಡ ಎಲ್ಲಿದ್ದಾನೆಂದು ಹಗಲು ರಾತ್ರಿ ಗೊತ್ತಿರುವ ನೆಮ್ಮದಿ. ಆ ನೆಮ್ಮದಿಗಾಗಿ ಅವಳು ಏನು ಕೊಟ್ಟಿದ್ದಳು? ತನ್ನದನ್ನೇನೂ ಕೊಟ್ಟಿರಲಿಲ್ಲ. ಅವನ ಕಾಲು ಕೊಟ್ಟಿದ್ದಳು.

ಆ ಮಧ್ಯಾಹ್ನವೇ ಗಂಡನ ಮುಂದೆ ಕೂತು ಎಲ್ಲವನ್ನೂ ಹೇಳಿದಳು.

ಗಾದಿಲಿಂಗಪ್ಪ ಬಯ್ಯಲಿಲ್ಲ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ದಿಂಬನ್ನು ಎಳೆದು ಬಾಗಿಲಾಚೆ ಒಗೆದ.

"ನನ್ನ ಕಾಲೇ ನನ್ನ ಮಾತು ಕೇಳವಲ್ದು ಅಂತ ಒಳಗೊಳಗ ಅತ್ತೀನಿ ವೀರೀ. ನೀ ಅದಕ್ಕ ಕೇಳಾಕ ಬಿಟ್ಟಿದ್ದೇ ಇಲ್ಲ."

"ಎಷ್ಟರ ಬೈರಿ. ಆದ್ರ ನಾಳಿ ಆಸ್ಪತ್ರಿಗೆ ಹೋಗೋಣು."

"ಯಾರು ಕರಕೊಂಡು ಹೋಗತಾರ?"

"ನಾನೇ."

ಡಾಕ್ಟರು ಕಾಲಿನ ಎಕ್ಸ್-ರೇ ಫೋಟೋ ತೆಗೆಸಿ ನೋಡಿದರು. ಎಲುಬು ಚೆನ್ನಾಗಿ ಕೂಡಿತ್ತು, ಕೀಲು ಮಾತ್ರ ಬಿಗಿದಿತ್ತು. ಗಿಡ್ಡಮ್ಮ ಮನೆಗೇ ಬಂದು ಕಲಿಸಿಕೊಟ್ಟಳು. ಮಲಗಿ, ಕಾಲು ಚಾಚಿ, ಮೊಣಕಾಲನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿಯಬೇಕು, ಹತ್ತು ಎಣಿಸಿ ಬಿಡಬೇಕು. ಆಮೇಲೆ ಹಿಮ್ಮಡಿಯನ್ನು ನಿಧಾನವಾಗಿ ತನ್ನ ಕಡೆ ಎಳೆದುಕೊಳ್ಳಬೇಕು. ಆಮೇಲೆ ಎತ್ತರದ ಸ್ಟೂಲಿನ ಮೇಲೆ ಕೂತು ಪಾದವನ್ನು ಹಿಂದಕ್ಕೆ ಸರಿಸಬೇಕು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಮೂರು ಹೊತ್ತೂ. ಮೊದಲು ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಸುತ್ತಿದರೆ ಸಲೀಸು.

"ಮಡಚುವಾಗ ಬ್ಯಾನಿ ಆಗತೈತಿ, ಆಗಲಿ," ಎಂದಳು ಗಿಡ್ಡಮ್ಮ. "ಸ್ವಲ್ಪ ಹೊತ್ತಿಗೆ ಇಳಿದ್ರ ಫಿಕರ್ ಮಾಡಬ್ಯಾಡ್ರಿ. ಮರುದಿನಾನೂ ಬಾವು, ಬಿಸಿ, ಜೋರು ಬ್ಯಾನಿ ಇದ್ರ ನಿಲ್ಲಿಸಿ ನನ್ನ ಕಡಿ ಬರ್ರಿ. ತಂಗೀ, ಪಾದ ಎಲ್ಲಿ ತನಕ ಹೋಗತೈತೋ ಅಲ್ಲಿ ದಿನಾ ಒಂದು ಗೆರಿ ಎಳಿ."

ವೀರಭದ್ರಮ್ಮ ರಂಗೋಲಿ ಪುಡಿಯಿಂದ ಮೊದಲ ಗೆರೆ ಎಳೆದಳು. ಅದು ಸ್ಟೂಲಿನಿಂದ ಎಷ್ಟೋ ಮುಂದೆ ಇತ್ತು.

ಮೊದಲ ವಾರ ಗೆರೆ ಮೂರು ಬೆರಳು ಹಿಂದೆ ಸರಿಯಿತು. ಎರಡನೇ ವಾರ ಅರ್ಧ ಬೆರಳೂ ಇಲ್ಲ. ಗಾದಿಲಿಂಗಪ್ಪನ ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಗೋಡೆಯಾಚೆಯಿಂದ ಉಚ್ಚೆಂಗೆಮ್ಮ, "ಕಟ್ಟಿಕೊಂಡ ಗಂಡನ ಕಣ್ಣಾಗ ನೀರು ತರಸ್ತಾಳ, ಎಂಥಾಕಿ ಇದ್ದೀತು!" ಎಂದು ಕೇಳಿಸುವಂತೆ ಹೇಳಿದಳು.

"ಹೋಗ್ಲಿ ಬಿಡ ವೀರೀ," ಎಂದ ಗಾದಿಲಿಂಗಪ್ಪ. "ಇಷ್ಟೇ ಇದು."

ಒಂದು ತಿಂಗಳ ಹಿಂದೆ ಈ ಮಾತಿಗೆ ಅವಳು ಒಳಗೇ ಹಿಗ್ಗುತ್ತಿದ್ದಳು. ಈಗ ಅವನ ಎದುರಿಗೆ ನೆಲದ ಮೇಲೆ ಕೂತಳು.

"ನನ್ನ ಸುಳ್ಳು ಮಾತು ಎರಡು ತಿಂಗಳು ಕೇಳೀರಿ. ಖರೇ ಮಾತು ಎರಡು ತಿಂಗಳು ಕೇಳ್ರಿ. ಹೂಂ, ಎಳೀರಿ. ಒಂದು..."

ಅವನಿಗೆ ಅಷ್ಟು ನೋವಿನಲ್ಲೂ ನಗು ಬಂತು. ಎಳೆದ.

ದಿನಕ್ಕೆ ಮೂರು ಹೊತ್ತು ಅವಳು ಎಣಿಸಿದಳು. ಹಬ್ಬದ ದಿನವೂ ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ತಾನೇ ಜಟಕಾ ಕರೆದು ಆಸ್ಪತ್ರೆಗೆ ಒಯ್ದಳು. ನವೆಂಬರಿನಲ್ಲಿ ಒಂದು ಬೆಳಿಗ್ಗೆ ಅವನ ಹಿಮ್ಮಡಿ ಸ್ಟೂಲಿನ ಕಾಲು ದಾಟಿ ಒಳಗೆ ಹೋಯಿತು. ಸಂಕ್ರಾಂತಿಯ ಹೊತ್ತಿಗೆ ಕೋಲಿಲ್ಲದೆ ನಡೆದ. ಡಾಕ್ಟರು ಒಪ್ಪಿದ ಮೇಲೆ, ಶೆಡ್ಡಿನ ಗೆಳೆಯ ಕೆಂಚಣ್ಣ ಒಂದು ಹಳೆಯ ಜೀಪು ತಂದು ಮನೆ ಮುಂದೆ ನಿಲ್ಲಿಸಿದ.

ಗಾದಿಲಿಂಗಪ್ಪ ಹತ್ತಿ ಕೂತು ಕ್ಲಚ್ಚು ಒತ್ತಿದ. ಪೂರ್ತಿ ಒತ್ತಿದ. ಐದನೇ ಸಲಕ್ಕೆ ಕಾಲು ನಡುಗಿ ಜಾರಿತು.

"ಐದು ಆದ್ವು," ಎಂದಳು ವೀರಭದ್ರಮ್ಮ ಕಟ್ಟೆಯಿಂದ. "ನಾಳಿ ಆರು."

ರೇಸಿಗೆ ಬೇಕಾದ ಬಲ ಬರಲು ಇನ್ನೊಂದು ವರ್ಷ ಹಿಡಿಯಿತು. ೧೯೭೮ರ ಫೆಬ್ರವರಿಯಲ್ಲಿ, ಡಾಕ್ಟರ ಕಾಗದ ಹಿಡಿದು ಅವನು ಮತ್ತೆ ಮದ್ರಾಸಿನ ಕಡೆ ಹೊರಟ. ವೀರಭದ್ರಮ್ಮ ಅಂದು ಹೊಸ್ತಿಲ ಬಳಿ ಕೂಡಲಿಲ್ಲ, ತಾನೂ ಜೊತೆಗೆ ಹೋದಳು. ಹೆದರಿಕೆ ಹೋಗಿತ್ತೇ? ಇಲ್ಲ. ಗಂಡನ ಬೆಲ್ಟನ್ನು ಎರಡು ಸಲ ಎಳೆದು ನೋಡಿದಳು. ಕಾರುಗಳು ಹೊರಟಾಗ ಕಣ್ಣು ಮುಚ್ಚಿದಳು.

"ಅತ್ತಿಗೀ, ಕಣ್ಣು ತೆಗೀರಿ," ಎಂದ ಕೆಂಚಣ್ಣ. "ಕಣ್ಣು ಮುಚ್ಚಿ ನೋಡಾಕ ಬಳ್ಳಾರಿಯಿಂದ ಇಲ್ಲಿ ತನಕ ಬರಬೇಕಿತ್ತೇನು?"

ಅವಳು ತೆರೆಯಲಿಲ್ಲ. ಕಿವಿಗೊಟ್ಟಳು. ಅವನ ಕಾರು ತಿರುವಿಗೆ ಬಂದು ಗೇರು ಬದಲಾದ ಸದ್ದು ಕೇಳಿಸಿತು. ಅಂದರೆ ಒಳಗೆ ಒಂದು ಮೊಣಕಾಲು ಮಡಚಿತು, ಚಾಚಿತು. ಮತ್ತೊಂದು ತಿರುವು, ಮತ್ತೆ ಆ ಸದ್ದು. ಅವಳು ಎಣಿಸತೊಡಗಿದಳು. ಹತ್ತು ದಾಟಿತು, ಇಪ್ಪತ್ತು ದಾಟಿತು, ಲೆಕ್ಕ ತಪ್ಪಿತು. ಆಗ ಕಣ್ಣು ತೆರೆದಳು.

ಅಂದು ಹದಿನಾಲ್ಕು ಕಾರುಗಳಲ್ಲಿ ಗಾದಿಲಿಂಗಪ್ಪ ಆರನೆಯವನು. ಮರುವರ್ಷ ಎರಡನೆಯವನು. ಐದು ವರ್ಷ ಓಡಿಸಿ, ತನಗೆ ಸಾಕೆನಿಸಿದಾಗ ತಾನೇ ಬಿಟ್ಟ.

ಅಷ್ಟರಲ್ಲಿ ಉಚ್ಚೆಂಗೆಮ್ಮನ ಸೊಸೆ ಬಾವಿಕಟ್ಟೆಯಲ್ಲಿ ಜಾರಿ ಮೊಣಕೈ ಮುರಿದುಕೊಂಡಿದ್ದಳು. ಪ್ಲಾಸ್ಟರ್ ಬಿಚ್ಚಿದ ಸಂಜೆಯೇ ಉಚ್ಚೆಂಗೆಮ್ಮ ಬಂದು ಬಾಗಿಲಲ್ಲಿ ನಿಂತಳು.

"ಯವ್ವಾ ವೀರಭದ್ರೀ, ಆ ಉದ್ದನ ನರ್ಸಮ್ಮ ಮನ್ಯಾಗ ಅದಾಳೇನು? ನಮ್ಮಾಕಿ ಕೈ ಮಡಚವಲ್ಲಳು, ಅಳತಾಳ. ನನಗ ನೋಡಾಕ ಆಗವಲ್ದು."

"ನಡೀರಿ, ಕರಕೊಂಡು ಬರೂಣು," ಎಂದಳು ವೀರಭದ್ರಮ್ಮ. "ಆಕಿ ಅಳಲಿ ಅತ್ತೀ, ನಾವು ಎಣಸೋಣು. ಹೆದರಿಕಿ ನಮ್ಮದು, ಕೈ ಆಕಿದು. ನಮ್ಮ ಹೆದರಿಕಿಗೆ ಆಕಿ ಕೈ ಕಟ್ಟೋದು ಬ್ಯಾಡ."

ಇದನ್ನು ಓದುವ, ಓದಿಸಿ ಕೇಳುವ ತಾಯಂದಿರೇ, ನಿಮ್ಮ ಓಣಿಯಲ್ಲೂ ಒಬ್ಬರು ಪ್ಲಾಸ್ಟರ್ ಬಿಚ್ಚಿಸಿಕೊಂಡು ಮಲಗಿರಬಹುದು. ಅವರು ಲಾರಿ ಓಡಿಸುವವರಿರಲಿ, ಭತ್ತ ನಾಟಿ ಮಾಡುವವರಿರಲಿ, ರೊಟ್ಟಿ ಬಡಿಯುವವರಿರಲಿ, ಮತ್ತೆ ಕೆಲಸಕ್ಕೆ ಹೋಗುವ ದಾರಿ ಒಂದೇ. ಡಾಕ್ಟರು ಹೇಳಿದ ವ್ಯಾಯಾಮವನ್ನು ಹೇಳಿದ ದಿನದಿಂದಲೇ ಮಾಡಿಸಿ. ಡಾಕ್ಟರು ಹೇಳಲು ಮರೆತರೆ ನೀವೇ ಕೇಳಿ. ಯಾರ ಕೈಗೂ ಕೊಟ್ಟು ತಿಕ್ಕಿಸಬೇಡಿ, ಎಳೆಸಬೇಡಿ. ಮತ್ತೆ ಬನ್ನಿ ಎಂದ ದಿನ ತಪ್ಪದೆ ಹೋಗಿ. ಅವರು ನೋವೆಂದಾಗ ನಿಮ್ಮ ಕರುಳು ಚುರುಕ್ಕೆನ್ನುತ್ತದೆ. ಎನ್ನಲಿ. ಪಕ್ಕದಲ್ಲೇ ಕೂತು, ಗಟ್ಟಿಯಾಗಿ, ಹತ್ತರವರೆಗೆ ಎಣಿಸಿ.