ನಬವಿಯಾಳ ಒಲೆಯ ಹೊಗೆ

ಎಡ್ಫುವಿನ ಹಳೆಯ ದೇವಾಲಯದ ಚಾವಣಿಯ ಮೇಲೆಯೇ ನಮ್ಮ ಮಣ್ಣಿನ ಮನೆಯಿತ್ತು. ನಾನು ಹುಟ್ಟಿದ್ದು ಅಲ್ಲಿ, ನಬವಿಯಾಳನ್ನು ಮದುವೆಯಾಗಿ ಕರೆತಂದದ್ದೂ ಅಲ್ಲಿಗೇ. ದೇವಾಲಯವನ್ನು ತೆರವುಗೊಳಿಸಲು ಸುಗ್ಗಿ ಮುಗಿದೊಡನೆ ಅಲ್ಲಿನ ಮನೆಗಳನ್ನೆಲ್ಲ ಕೆಡವಬೇಕೆಂದು ಕೈರೋದಿಂದ ಆಜ್ಞೆ ಬಂತು. ನಾನು ಗೊಣಗಿ ಸುಮ್ಮನಾದೆ. ಅವಳು ಗೊಣಗಲೂ ಇಲ್ಲ.

ಆ ದಿನಗಳಲ್ಲೇ ಒಬ್ಬ ಫ್ರೆಂಚಿನವನು ಮೂರು ಕಾಲಿನ ಪೆಟ್ಟಿಗೆಯೊಡನೆ ದೋಣಿಯಿಂದಿಳಿದ. ಅದು ಬಿಸಿಲಿನಿಂದಲೇ ಚಿತ್ರ ಬರೆಯುತ್ತದೆಂದು ಅವನ ದುಭಾಷಿ ಬಿಶಾರಾ ಊರಿಗೆಲ್ಲ ಸಾರಿದ. ನಬವಿಯಾ ನೇರವಾಗಿ ಹೋಗಿ ಬಿಶಾರಾನ ಎದುರು ನಿಂತಳು.

"ನಮ್ಮ ಮನೇನೂ ಅದ್ರಲ್ಲಿ ಬರೋ ಹಾಗೆ ಮಾಡು ಅಂತ ನಿಮ್ಮ ಧಣಿಗೆ ಹೇಳಪ್ಪ. ಇನ್ನೆಷ್ಟು ದಿನ ಇರುತ್ತೋ ಏನೋ."

"ಅವನಿಗೆ ಹಳೇ ಕಲ್ಲು ಮಾತ್ರ ಬೇಕಂತೆ ಕಣಮ್ಮ. ಮಣ್ಣಿನ ಗೂಡು ಕಂಡ್ರೆ ಅವರ ದೇಶದಲ್ಲಿ ಯಾರೂ ಕೊಳ್ಳಲ್ವಂತೆ."

"ಗೂಡಂತೆ ಗೂಡು! ಇವನೇನು ಅರಮನೇಲಿ ಮಲಗ್ತಾನಾ? ದೋಣೀಲಿ ಸೊಳ್ಳೆ ಜೊತೆ ತಾನೆ!"

ಬಿಶಾರಾ ಆ ಮಾತನ್ನು ದಾಟಿಸಲಿಲ್ಲ. ಫ್ರೆಂಚಿನವನು ಪೆಟ್ಟಿಗೆಯನ್ನು ಸರಿಸಿ, ನಮ್ಮ ಮನೆ ದೊಡ್ಡ ಗೋಪುರದ ಮರೆಗೆ ಪೂರ್ತಿ ಹೋಗುವಂತೆ ನಿಲ್ಲಿಸಿದ. ನಬವಿಯಾ ತಿರುಗಿ ಮನೆಗೆ ಹತ್ತಿದಳು. ಪಾಪ, ಸೋತಳು ಅಂದುಕೊಂಡೆ.

ಅವನು ಪೆಟ್ಟಿಗೆಯ ಮುಚ್ಚಳ ತೆಗೆದು, ಚಿತ್ರ ಮೂಡಲು ಬೇಕಾದ ಹೊತ್ತನ್ನು ಎಣಿಸತೊಡಗಿದ. ಆಗ ಗೋಪುರದ ಹಿಂದಿನಿಂದ ಬೆರಣಿಯ ದಟ್ಟ ಬಿಳಿ ಹೊಗೆ ಎದ್ದು, ನೆರಳಿದ್ದ ಕಲ್ಲಿನ ಮೇಲೆ ಹರಡಿತು.

"ನಿಲ್ಸಮ್ಮಾ, ಚಿತ್ರ ಕೆಡುತ್ತೆ!" ಬಿಶಾರಾ ಅರಚಿದ.

"ರೊಟ್ಟಿ ಬೇಯ್ತಿದೆ ಕಣಪ್ಪಾ!" ಮೇಲಿನಿಂದ ಉತ್ತರ ಬಂತು.

ನಾನು ಏದುಸಿರು ಬಿಡುತ್ತ ಮೇಲೆ ಹೋದೆ. ಒಲೆ ಧಗಧಗ ಉರಿಯುತ್ತಿತ್ತು. ಹಿಟ್ಟನ್ನು ಬಿಸಿಲಿಗಿಟ್ಟು ಉಬ್ಬಿಸುವ ಮಣ್ಣಿನ ತಟ್ಟೆಗಳು ಖಾಲಿಯಾಗಿ ಗೋಡೆಗೊರಗಿದ್ದವು. ಅವಳು ಆ ದಿನ ಹಿಟ್ಟನ್ನೇ ಕಲಸಿರಲಿಲ್ಲ. ನನಗೆ ನಗುವೂ ಬಂತು, ಅಳುವೂ ಬಂತು.

"ಏನು ಹಾಗೆ ನಿಂತ್ಕೊಂಡೆ? ಬೆರಣಿ ಕೊಡು."

ಕೊಟ್ಟೆ.

ಮರುದಿನ ಕಾಗದದ ಮೇಲೆ ಮೂಡಿದ ಚಿತ್ರ ನೋಡಿ ಫ್ರೆಂಚಿನವನು ಮುಖ ಕಿವುಚಿ ಎಸೆದುಬಿಟ್ಟ. ನಬವಿಯಾ ಅದನ್ನೆತ್ತಿ ಧೂಳು ಕೊಡವಿ ಎದೆಗಿಟ್ಟುಕೊಂಡಳು. ಸುಗ್ಗಿ ಮುಗಿಯಿತು, ಮನೆ ಹೋಯಿತು.

ಈಗ ನಾವು ಕಾಲುವೆಯ ದಂಡೆಯಲ್ಲಿದ್ದೇವೆ. ಮೊನ್ನೆ ಮೊಮ್ಮಗಳು ಫಹೀಮಾ ಆ ಕಾಗದ ಹಿಡಿದು ಬಂದಳು.

"ಅಜ್ಜೀ, ಇದ್ರಲ್ಲಿ ನಿನ್ನ ಮನೆ ಎಲ್ಲಿ?"

ಕಲ್ಲಿನ ಮೇಲೆ ಮಂಜಿನಂತೆ ಹರಡಿದ್ದ ಬಿಳುಪಿನ ಬುಡದಲ್ಲಿ ನಬವಿಯಾ ಬೆರಳಿಟ್ಟಳು. "ಇಲ್ಲೇ. ಒಲೆ ಉರೀತಾ ಇದೆ ನೋಡು."

"ಏನು ಬೇಯಿಸ್ತಿದ್ದೆ?"

ಅವಳು ನನ್ನ ಮುಖ ನೋಡಿದಳು.

"ರೊಟ್ಟಿ ಕಣೇ," ಎಂದೆ ನಾನು. "ಊರಿಗೆಲ್ಲ ಆಗೋವಷ್ಟು."