ಕೆರೆಯ ಐದನೇ ಲೆಕ್ಕ

ಟೇಕಲ್ಲಿನಿಂದ ಕೋಲಾರಕ್ಕೆ ಸೊಣ್ಣಪ್ಪ ನಡೆದೇ ಹೊರಟಿದ್ದ. ಕೋಟನ್ನು ಮಡಿಸಿ ತಲೆಯ ಮೇಲೆ ಇಟ್ಟುಕೊಂಡಿದ್ದ. ಅದು ಸ್ಟೇಷನ್ ಮಾಸ್ತರರ ಕೋಟು. ಬೆವರಿನ ಕಲೆ ಬಿದ್ದರೆ ಇನ್ನೊಂದು ಸಲ ಕೊಡುವುದಿಲ್ಲ ಎಂದು ಹೇಳಿಯೇ ಕೊಟ್ಟಿದ್ದರು. ಬೆಳಗಿನ ಅಂಬಲಿ ಕರಗಿ ಎಷ್ಟೋ ಹೊತ್ತಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗೆ. ಏನು ಮಾಡುವುದು, ಕೋಟಿಲ್ಲದವರನ್ನು ಕೆರೆ ಗಣಿತ ಸಂಶೋಧನಾ ಕಚೇರಿಯ ಜವಾನ ಒಳಗೇ ಬಿಡುತ್ತಿರಲಿಲ್ಲ.

ಅವನ ಬೆನ್ನ ಹಿಂದೆಯೇ ತಂದೆ ಕದಿರಪ್ಪ ನಡೆದು ಬರುತ್ತಿದ್ದ. ನಲವತ್ತು ವರ್ಷ ಊರಿನ ಕೆರೆಯ ನೀರನ್ನು ಗದ್ದೆಗಳಿಗೆ ಹಂಚುವ ನೀರುಗಂಟಿಯಾಗಿದ್ದು, ಹೋದ ವರ್ಷ ಆ ಕೆಲಸ ಕಳೆದುಕೊಂಡವನು. ಕಳೆದದ್ದು ಮಗನಿಂದಲೇ. ಅದನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಸೊಣ್ಣಪ್ಪನಿಗೆ ಅದೇ ಸಂಕಟ.

ಕಥೆ ಶುರುವಾದದ್ದು ಮೂವತ್ತೆಂಟನೇ ಇಸವಿಯಲ್ಲಿ. ಸೊಣ್ಣಪ್ಪ ಗಣಿತದಲ್ಲಿ ಬಿ.ಎಸ್ಸಿ. ಪಾಸು ಮಾಡಿದ್ದ. ಪೇಪರಿನಲ್ಲಿ ಪ್ರಕಟಣೆ ಬಂತು: ಆನ್ವಯಿಕ ಗಣಿತದ ಸಂಶೋಧನೆಗೆ ಒಬ್ಬ ಸಹಾಯಕ ಬೇಕು. ಹೊಸದಾಗಿ ಪಾಸಾದವರು ಮಾತ್ರ ಅರ್ಜಿ ಹಾಕಬೇಕು. ವಯಸ್ಸು ಇಪ್ಪತ್ತೈದು ದಾಟಿರಬಾರದು. ಸಂಶೋಧನೆಯಲ್ಲಿ ಐದು ವರ್ಷದ ಅನುಭವ ಇರಬೇಕು.

ಅರ್ಜಿ ಹಿಡಿದು ಹೋದಾಗ ಕಚೇರಿಯ ಸೂಪರಿಂಟೆಂಡೆಂಟ್ ಕೋದಂಡರಾಮಪ್ಪನವರು ಕೇಳಿದ್ದರು, “ಅನುಭವ ಇಲ್ದೆ ಕೆಲಸ ಹ್ಯಾಗಪ್ಪಾ ಕೊಡೋದು?”

“ಕೆಲಸ ಕೊಡ್ದೆ ಅನುಭವ ಹ್ಯಾಗೆ ಬರುತ್ತೆ ಸ್ವಾಮಿ?”

“ಅದಕ್ಕೇ ಪರೀಕ್ಷಾ ಲೆಕ್ಕ ಇಟ್ಟಿದೀವಿ. ವರ್ಷಕ್ಕೊಂದು. ಸಂಬಳ ಇಲ್ಲ. ನಿಮ್ಮೂರ ಕೆರೇದೇ ಮಾಡ್ಕೊಂಡು ಬಾ.”

ಮನೆಗೆ ಬಂದು ಹೇಳಿದಾಗ ಕದಿರಪ್ಪ ನಕ್ಕಿದ್ದ. “ಹುಚ್ಚು ಬಿಡೋವರ್ಗೂ ಮದ್ವೆ ಆಗಲ್ಲ, ಮದ್ವೆ ಆಗೋವರ್ಗೂ ಹುಚ್ಚು ಬಿಡಲ್ಲ. ಮಾಡ್ಲಾ, ನಾನಿದೀನಿ.”

ಮೊದಲ ವರ್ಷ, ಕೆರೆಯಲ್ಲಿ ನೀರೆಷ್ಟು ಎಂಬ ಲೆಕ್ಕ. ಎರಡನೇ ವರ್ಷ, ತೂಬಿನಿಂದ ಹೊರಗೆ ಹೋಗುವುದೆಷ್ಟು. ಮೂರನೇ ವರ್ಷ, ಬಿಸಿಲು ಕುಡಿಯುವುದೆಷ್ಟು. ನಾಲ್ಕನೇ ವರ್ಷ, ಯಾವ ಗದ್ದೆಗೆ ಎಷ್ಟು ಹೊತ್ತು ನೀರು. ಎಲ್ಲಕ್ಕೂ ಉತ್ತರ ಕದಿರಪ್ಪನ ಹತ್ತಿರವಿತ್ತು. ತಳದಲ್ಲಿ ತೂತಿದ್ದ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದ. ಬಟ್ಟಲು ಮುಳುಗಿತೋ, ಒಬ್ಬನ ಗದ್ದೆಯ ಸರದಿ ಮುಗಿಯಿತು.

ಮಗ ಬರೆದ ಅನುಕಲನದ ಗುರುತಿನ ಮೇಲೆ ಬೆರಳಿಟ್ಟು ಒಮ್ಮೆ ಕೇಳಿದ್ದ, “ಏನ್ಲಾ ಇದು, ಬಾಲ ಇರೋ ಅಕ್ಷರ?”

“ನೀನು ಬಟ್ಟಲು ನೋಡಿ ಹೇಳ್ತೀಯಲ್ಲ ನಾಯ್ನಾ, ಅದೇ ಇದು.”

“ನಾನು ಬಾಲ ಇಲ್ದೇನೇ ಹೇಳ್ತೀನಲ್ಲೋ!”

ನಾಲ್ಕನೇ ಲೆಕ್ಕ ಕೊಟ್ಟ ತಿಂಗಳಿಗೆ ಎರಡು ಹುಕುಂ ಒಟ್ಟಿಗೇ ಬಂದವು. ಕೆರೆಯ ಸಂಗತಿಯೆಲ್ಲ ಈಗ ಕಾಗದದಲ್ಲಿರುವುದರಿಂದ ನೀರುಗಂಟಿ ಬೇಕಾಗಿಲ್ಲ, ಇದು ಒಂದು. ಲೆಕ್ಕವೆಲ್ಲ ಮುಗಿದಿರುವುದರಿಂದ ಈ ವರ್ಷ ಸಂಶೋಧಕನೂ ಬೇಕಾಗಿಲ್ಲ, ಇದು ಇನ್ನೊಂದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರೆ. ಇಲ್ಲಿ ಪೂಜಾರಿ ಇದ್ದ ವರವನ್ನೂ ಕಿತ್ತುಕೊಂಡಿದ್ದ.

ಆಮೇಲೆ ತೂಬಿಗೆ ಕಚೇರಿಯ ಜವಾನ ಬಂದ. ಕೈಯಲ್ಲಿ ಸೊಣ್ಣಪ್ಪನ ಲೆಕ್ಕದಿಂದ ಮಾಡಿದ ಪಟ್ಟಿ. ಗುರುವಾರ ಹತ್ತು ಗಂಟೆಗೆ ತೂಬು ತೆಗೆಯಬೇಕು ಎಂದು ಅದರಲ್ಲಿತ್ತು. ಒಂದು ಗುರುವಾರ ಜಡಿಮಳೆ. ಅವನು ಕೊಡೆ ಹಿಡಿದು ನಿಂತು ತೂಬು ತೆಗೆದ. ನಾಟಿ ಮಾಡಿದ ಪೈರೆಲ್ಲ ಕೊಚ್ಚಿಹೋಯಿತು. ಬಚ್ಚಮ್ಮ ಎಂಬ ಮುದುಕಿ ಗದ್ದೆಯ ಬದುವಿನ ಮೇಲೆ ನಿಂತು ಬೊಬ್ಬೆ ಹಾಕಿದಳು. “ಮಳೆ ಬರ್ತಾ ಐತಲ್ಲೋ, ನಿನ್ ಕಣ್ಗೆ ಕಾಣಲ್ವಾ?”

“ಪಟ್ಟೀಲಿ ಮಳೆ ಇಲ್ಲ ಕಣಮ್ಮ,” ಅಂದ ಜವಾನ.

ಈಗ ನಲವತ್ತೆರಡರ ಆಷಾಢ. ಮತ್ತೆ ಅದೇ ಪ್ರಕಟಣೆ ಬಂದಿತ್ತು. ಬರುವ ತಿಂಗಳು ಸೊಣ್ಣಪ್ಪನಿಗೆ ಇಪ್ಪತ್ತೈದು ದಾಟುತ್ತದೆ. ಇದೇ ಕೊನೆಯ ಸಲ.

ಪ್ರತಿ ವರ್ಷ ಒಬ್ಬೊಬ್ಬರನ್ನೇ ಕರೆಯುತ್ತಿದ್ದ ಕಚೇರಿ, ಈ ಸಲ ಅವಸರಕ್ಕೆ ಎಲ್ಲರನ್ನೂ ಒಂದೇ ದಿನ ಕರೆದಿತ್ತು. ಅಂಗಳದಲ್ಲಿ ಇಪ್ಪತ್ತೊಂದು ಜನ, ಇಪ್ಪತ್ತೊಂದು ಎರವಲು ಕೋಟು. ಮುಳಬಾಗಿಲ ಕಡೆಯ ಮುನಿಕೃಷ್ಣಪ್ಪ ಎಂಬುವನು ಸೊಣ್ಣಪ್ಪನ ಪಕ್ಕಕ್ಕೆ ಬಂದ.

“ನಿಮಗೂ ನಿಮ್ಮೂರ ಕೆರೇನೇ ಕೊಟ್ಟಿದ್ರಾ?”

“ಹೂಂ. ನಾಲ್ಕು ವರ್ಷ.”

“ನೀರುಗಂಟಿನ ತೆಗೆದ್ರಾ?”

ಸೊಣ್ಣಪ್ಪ ತಂದೆಯ ಕಡೆ ನೋಡಿ ತಲೆ ತಗ್ಗಿಸಿದ.

“ನಮ್ಮೂರಲ್ಲಿ ನಮ್ಮ ಮಾವನ್ನ ತೆಗೆದ್ರು,” ಅಂದ ಮುನಿಕೃಷ್ಣಪ್ಪ. ಶ್ರೀನಿವಾಸಪುರದವನೊಬ್ಬ ತಿರುಗಿ ನೋಡಿದ. ಮಾಲೂರಿನವನೊಬ್ಬ ಹತ್ತಿರ ಬಂದ. ಅಷ್ಟರಲ್ಲಿ ಕೋದಂಡರಾಮಪ್ಪನವರು ಬಾಗಿಲಿಗೆ ಬಂದರು.

ಕದಿರಪ್ಪ ಕೈಮುಗಿದ. “ಸ್ವಾಮೀ, ಒಂದ್ ಮಾತು. ವಯಸ್ಸು ಇವನ ಹತ್ರ ಐತೆ, ಅನುಭವ ನನ್ ಹತ್ರ ಐತೆ. ಇಬ್ರನ್ನೂ ಸೇರಿಸಿ ಒಬ್ಬ ಅಂತ ಬರ್ಕೊಳ್ಳಿ.”

ಅಂಗಳವೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. “ಹಾಗೆ ಬರಿಯೋಕೆ ಫಾರಮಿನಲ್ಲಿ ಜಾಗ ಇಲ್ಲ,” ಎಂದು ಒಳಗೆ ಹೋದರು.

ಅಭ್ಯರ್ಥಿಗಳನ್ನೆಲ್ಲ ಕೋಣೆಯಲ್ಲಿ ಕೂರಿಸಿ ಕೊಟ್ಟ ಐದನೇ ಲೆಕ್ಕ ಇಷ್ಟೇ: ಪಟ್ಟಿ ಯಾಕೆ ತಪ್ಪುತ್ತಿದೆ? ಸರಿಪಡಿಸಿ ಬರೆಯಿರಿ.

ಸೊಣ್ಣಪ್ಪನಿಗೆ ಉತ್ತರ ಗೊತ್ತಿತ್ತು. ತಂದೆ ಮೋಡ ನೋಡಿ, ಮಣ್ಣು ಮುಟ್ಟಿ ತೂಬು ತೆಗೆಯುವುದನ್ನು ಕಂಡೇ ಬೆಳೆದವನು ಅವನು. ಬರೆದರೆ ಐದು ವರ್ಷ ತುಂಬುತ್ತದೆ. ಕೆಲಸ ಸಿಕ್ಕರೂ ಸಿಗಬಹುದು. ಆಸೆ ಕೆಟ್ಟದ್ದು, ಲೇಖನಿ ಮಸಿಗೆ ಇಳಿಯಿತು. ಕಿಟಕಿಯಾಚೆ ಕದಿರಪ್ಪ ನೆಲದ ಮಣ್ಣನ್ನು ಬೆರಳಲ್ಲಿ ಉಜ್ಜಿ ತೇವ ನೋಡುತ್ತಿದ್ದ. ತೂಬು ಹೋದರೂ ಅಭ್ಯಾಸ ಹೋಗಿರಲಿಲ್ಲ. ಇದನ್ನೂ ಬರೆದುಕೊಟ್ಟರೆ ಆ ತೂಬು ತಿರುಗಿ ಬರುವುದೇ ಇಲ್ಲ ಎಂದು ಸೊಣ್ಣಪ್ಪನಿಗೆ ಹೊಳೆಯಿತು. ಅವನು ಲೇಖನಿ ಕೆಳಗಿಟ್ಟ. ಕೋಟು ಬಿಚ್ಚಿ ಬೆಂಚಿನ ಮೇಲೆ ಹಾಕಿದ.

ಮುನಿಕೃಷ್ಣಪ್ಪ ಅದನ್ನು ನೋಡಿದ. ತಾನೂ ಬಿಚ್ಚಿದ. ಆಮೇಲೆ ಮಾಲೂರಿನವನು. ಸ್ವಲ್ಪ ಹೊತ್ತಿಗೆ ಕೋಣೆಯಲ್ಲಿ ಕೋಟು ಹಾಕಿದ್ದವರು ಸಾಹೇಬರೊಬ್ಬರೇ.

ಹೊತ್ತು ಮುಗಿದ ಮೇಲೆ ಸೊಣ್ಣಪ್ಪನ ಏನೂ ಬರೆಯದ ಕಾಗದವನ್ನು ಕೈಗೆತ್ತಿಕೊಂಡು ಅವರು ಕಿಡಿಕಿಡಿಯಾದರು. “ಮೂರು ಗಂಟೆ ಕೂತು ಬರೆದದ್ದು ಇದೇನಾ?”

“ಹೌದು ಸ್ವಾಮಿ. ಈಗ ನಮಗೆ ಅನುಭವ ಆಯ್ತು,” ಅಂದ ಸೊಣ್ಣಪ್ಪ. “ನೀರುಗಂಟಿಗಳನ್ನ ತಿರುಗಿ ತಗೊಳ್ಳಿ. ಉತ್ತರ ಅವರ ಹತ್ರ ಇದೆ.”

ಕೋದಂಡರಾಮಪ್ಪನವರು ಕಾಗದ ತಿರುಗಿಸಿದರು. ಹಿಂದೆಯೂ ಏನೂ ಇರಲಿಲ್ಲ. ಎರಡನೆಯದನ್ನು ತಿರುಗಿಸಿದರು. ಮೂರನೆಯದನ್ನು ತಿರುಗಿಸಿದರು. ಇಪ್ಪತ್ತೊಂದನ್ನೂ ತಿರುಗಿಸಿ ನೋಡಿ ಮುಗಿಸುವ ಹೊತ್ತಿಗೆ ಬೆಂಚುಗಳೂ ಖಾಲಿಯಾಗಿದ್ದವು.